ಜಿಟಿಒ ಬಾನೆಟ್ಟಿನ ಕೆಳಗೆ ಹತ್ತು ವರ್ಷ

1968ರ ಪಾಂಟಿಯಾಕ್ ಜಿಟಿಒ ಕಾರು ಕೊಳ್ಳುವವರು ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ ಹೆಡ್‌ಲೈಟುಗಳಿಗೆ ಮುಚ್ಚಳ ಸಿಗುತ್ತಿತ್ತು. ಹಗಲಲ್ಲಿ ಮುಂಭಾಗವೆಲ್ಲ ಒಂದೇ ಕಪ್ಪು ಜಾಲರಿ. ಲೈಟಿನ ಸ್ವಿಚ್ ಎಳೆದರೆ ಮುಚ್ಚಳ ಸರಿದು ದೀಪಗಳು ಕಾಣಿಸುತ್ತವೆ. ಈ ಮುಚ್ಚಳವನ್ನು ಎಳೆಯಲು ಮೋಟರ್ ಇಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ವ್ಯಾಕ್ಯೂಮನ್ನೇ ರಬ್ಬರ್ ಪೈಪುಗಳಲ್ಲಿ ಕಾರಿನ ಮೂತಿಯವರೆಗೂ ತಂದು, ಅಲ್ಲಿರುವ ಡಯಾಫ್ರಾಮುಗಳಿಂದ ಕೆಲಸ ಮಾಡಿಸುತ್ತಾರೆ.

ಐವತ್ತು ವರ್ಷ ಕಳೆದ ಮೇಲೆ ಆ ರಬ್ಬರ್ ಒಣಗಿ ಬಿರಿಯುತ್ತದೆ. ಬಿರುಕಿನಿಂದ ಹೊರಗಿನ ಗಾಳಿ ಸದ್ದಿಲ್ಲದೆ ಮ್ಯಾನಿಫೋಲ್ಡಿಗೆ ಸೇರುತ್ತದೆ. ಕಾರ್ಬುರೇಟರ್ ಅಳೆದು ಕೊಟ್ಟ ಪೆಟ್ರೋಲಿಗೆ ಲೆಕ್ಕಕ್ಕಿಲ್ಲದ ಗಾಳಿ ಬೆರೆತು ಮಿಶ್ರಣ ತೆಳುವಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಕೆಲವೊಮ್ಮೆ ಆಫ್ ಆಗುತ್ತದೆ. ಮಾಲೀಕ ಕಾರ್ಬುರೇಟರ್ ಬಿಚ್ಚಿಸಿ ತೊಳೆಸುತ್ತಾನೆ, ಜೆಟ್ ಬದಲಿಸುತ್ತಾನೆ, ಕೊನೆಗೆ ಹೊಸತೇ ತಂದು ಕೂರಿಸುತ್ತಾನೆ. ನಡುಕ ಮಾತ್ರ ಹಾಗೇ ಇರುತ್ತದೆ. ದೋಷ ಇರುವುದು ಕಾರಿನ ಮೂತಿಯಲ್ಲಿ, ಬಲಗಡೆಯ ದೀಪದ ಹಿಂದೆ. ಬಲ್ಲವನು ಹೆಡ್‌ಲೈಟಿನ ಪೈಪನ್ನು ಮ್ಯಾನಿಫೋಲ್ಡಿನಿಂದ ಕಿತ್ತು, ತೂತಿಗೆ ರಬ್ಬರ್ ಬಿರಡೆ ಹಾಕಿ, ಎಂಜಿನ್ ಸದ್ದು ಬದಲಾಯಿತೇ ಎಂದು ಕೇಳುತ್ತಾನೆ. ಎರಡು ನಿಮಿಷದ ಕೆಲಸ.

ಹಳೆಯ ಅಮೆರಿಕನ್ ಮಸಲ್ ಕಾರುಗಳ ಕಾರ್ಬುರೇಟರ್ ತಕರಾರುಗಳನ್ನು ಕುರಿತು ಬರೆದದ್ದೆಲ್ಲ ಸಾಮಾನ್ಯವಾಗಿ ಇಂಥ ಉಪಾಯಗಳ ಪಟ್ಟಿಯಾಗಿರುತ್ತದೆ. ಪಟ್ಟಿ ಉಪಯುಕ್ತವೇ. ಆದರೆ ಈ ಒಂದು ಕಾರಿನ ವಿಷಯದಲ್ಲಿ, 1964ರಿಂದ 1974ರವರೆಗೆ ತಯಾರಾದ ಜಿಟಿಒ ವಿಷಯದಲ್ಲಿ, ಪಟ್ಟಿಗಿಂತ ಇತಿಹಾಸವೇ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ನನ್ನ ಎಣಿಕೆ. ಇಂದು ಗ್ಯಾರೇಜಿನಲ್ಲಿ ಮೊಂಡು ಹಿಡಿದು ನಿಂತಿರುವ ದೋಷವನ್ನು ಹಿಂಬಾಲಿಸಿದರೆ ಅದು ಡೆಟ್ರಾಯ್ಟಿನ ಒಂದು ಕಚೇರಿಯ ಆದೇಶಕ್ಕೋ ವಾಷಿಂಗ್ಟನ್ನಿನ ಒಂದು ಕಾಯಿದೆಗೋ ಹೋಗಿ ಮುಟ್ಟುತ್ತದೆ.

ಮೊದಲಿಗೆ ಈ ಕಾರು ಹುಟ್ಟಿದ್ದೇ ಫಿಟ್ಟಿಂಗಿನ ಒಂದು ಕಾಕತಾಳೀಯದಿಂದ. ಪಾಂಟಿಯಾಕ್ ಎಂಬುದು ಜನರಲ್ ಮೋಟಾರ್ಸ್ ಕಂಪನಿಯ ಒಂದು ವಿಭಾಗ. 1963ರ ಜನವರಿಯಲ್ಲಿ ಜಿಎಂ ತನ್ನ ವಿಭಾಗಗಳೆಲ್ಲ ರೇಸಿನಿಂದ ದೂರವಿರಬೇಕೆಂದು ಕಟ್ಟಪ್ಪಣೆ ಮಾಡಿತು. ಅಷ್ಟರಲ್ಲಿ ಪಾಂಟಿಯಾಕ್ ರೇಸಿನ ಹೆಸರಿನಿಂದಲೇ ಕಾರು ಮಾರಿಕೊಂಡು ಬಂದಿತ್ತು. ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್, ಅವರ ಜೊತೆಗಿದ್ದ ಬಿಲ್ ಕಾಲಿನ್ಸ್, ರಸ್ ಗೀ ಎಂಬ ಎಂಜಿನಿಯರುಗಳು ಮುಂದೇನು ಎಂದು ಯೋಚಿಸುತ್ತಿದ್ದರು. ಟೆಂಪೆಸ್ಟ್ ಎಂಬ ಮಧ್ಯಮ ಗಾತ್ರದ ಕಾರಿನಲ್ಲಿ 326 ಘನ ಇಂಚಿನ ವಿ-8 ಎಂಜಿನ್ ಇತ್ತು. ಬಾನೆವಿಲ್, ಕ್ಯಾಟಲೀನದಂಥ ದೊಡ್ಡ ಕಾರುಗಳಲ್ಲಿ 389 ಘನ ಇಂಚಿನದು, ಅಂದರೆ ಸುಮಾರು 6.4 ಲೀಟರಿನದು. ಎರಡರ ಒಳಗಿನ ಸಿಲಿಂಡರುಗಳು ಬೇರೆ, ಹೊರಗಿನ ಅಳತೆ ಒಂದೇ. ದೊಡ್ಡದು ಚಿಕ್ಕದರ ಅದೇ ಮೌಂಟಿನ ಮೇಲೆ ಕೂರುತ್ತದೆ ಎಂಬ ಮಾತು ಬಂದಾಗ ಇನ್ನೇನೂ ಹೇಳಬೇಕಾಗಿರಲಿಲ್ಲ.

ಅಡ್ಡಿಯಿದ್ದದ್ದು ಲೋಹದಲ್ಲಲ್ಲ, ಕಾಗದದಲ್ಲಿ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂದು ಜಿಎಂ ನಿಯಮ. ಆ ನಿಯಮ ಹೊಸ ಮಾಡೆಲ್‌ಗಳಿಗೆ ಅನ್ವಯಿಸುತ್ತದೆ, ಗಿರಾಕಿ ಕೇಳಿ ಹಾಕಿಸಿಕೊಳ್ಳುವ ಹೆಚ್ಚುವರಿ ಸಾಮಾನಿಗಲ್ಲ ಎಂದು ಪಾಂಟಿಯಾಕ್‌ನವರು ಓದಿಕೊಂಡರು. ವಿಭಾಗದ ಮುಖ್ಯಸ್ಥ ಪೀಟ್ ಎಸ್ಟೆಸ್ ಹೂಂ ಅಂದರು. ಹೀಗೆ ಜಿಟಿಒ ಎಂಬುದು 1964ರಲ್ಲಿ ಒಂದು ಕಾರಾಗಿ ಅಲ್ಲ, ಟೆಂಪೆಸ್ಟ್ ಲಮಾನ್ಸ್ ಕಾರಿನ ಆರ್ಡರ್ ಫಾರಂನಲ್ಲಿ ಟಿಕ್ ಹಾಕಬೇಕಾದ ಸುಮಾರು 295 ಡಾಲರಿನ ಒಂದು ಪ್ಯಾಕೇಜಾಗಿ ಬಂತು. ಐದು ಸಾವಿರಕ್ಕಿಂತ ಹೆಚ್ಚು ಮಾರಲಾಗದು ಎಂದು ಮಾರಾಟ ವಿಭಾಗ ಮೊದಲು ಅಂದಾಜಿಸಿತ್ತು. ಮೊದಲ ವರ್ಷ ಹೋದದ್ದು 32,450. ಇಲ್ಲಿನ ಕಾಗದದ ಜಾಣತನ ನೆನಪಿರಲಿ. ಅದರ ಬಡ್ಡಿಯನ್ನು ಇಂದಿನ ಮಾಲೀಕರು ತೆರುತ್ತಿದ್ದಾರೆ, ಅದನ್ನು ಆಮೇಲೆ ನೋಡೋಣ.

ಹೊರಗಿನಿಂದ ಎಲ್ಲ ಎಂಜಿನ್ನೂ ಒಂದೇ ಥರ ಎಂಬುದು ಎಷ್ಟು ನಿಜ ಎಂಬುದಕ್ಕೆ ಒಂದು ಪ್ರಸಂಗವಿದೆ. ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ 1964ರ ಮಾರ್ಚ್ ಸಂಚಿಕೆಯಲ್ಲಿ ಪಾಂಟಿಯಾಕ್ ಜಿಟಿಒವನ್ನು ಅದೇ ಹೆಸರಿನ ಫೆರಾರಿಯ ಪಕ್ಕಕ್ಕಿಟ್ಟು ಬರೆಯಿತು. ಗಂಟೆಗೆ 60 ಮೈಲಿ ಮುಟ್ಟಲು 4.6 ಸೆಕೆಂಡ್ ಎಂದು ಅಚ್ಚಾಯಿತು. ಪರೀಕ್ಷೆಗೆ ಕೊಟ್ಟ ಕಾರಿನಲ್ಲಿ 389 ಇರಲಿಲ್ಲ, ದೊಡ್ಡ ಕಾರಿನ 421 ಘನ ಇಂಚಿನ ಎಂಜಿನ್ ಇತ್ತು ಎಂದು ಪಾಂಟಿಯಾಕ್‌ನ ಜಾಹೀರಾತು ನೋಡಿಕೊಳ್ಳುತ್ತಿದ್ದ ಜಿಮ್ ವಾಂಗರ್ಸ್ ಬಹಳ ವರ್ಷಗಳ ನಂತರ ಒಪ್ಪಿಕೊಂಡರು. ಕಾರಿನ ಮೇಲೆಯೇ ಬರೆದು ಬದುಕುವವರು ಬಾನೆಟ್ ತೆರೆದು ನೋಡಿದರೂ ಗೊತ್ತಾಗಲಿಲ್ಲ. ಇಂದು ನಿಮಗೆ ಒಂದು ಜಿಟಿಒ ಸಿಕ್ಕಿ ಅದು ಎಳೆಯುತ್ತಿಲ್ಲ ಎಂದರೆ ಮೊದಲ ಪ್ರಶ್ನೆ ಕಾರ್ಬುರೇಟರ್ ಬಗ್ಗೆ ಅಲ್ಲ, ಕೆಳಗಿರುವ ಎಂಜಿನ್ ಯಾವುದು ಎಂಬುದರ ಬಗ್ಗೆ. ಪಾಂಟಿಯಾಕ್ 326ರಿಂದ 455ರವರೆಗೆ ಹೊರಮೈ ಹೆಚ್ಚುಕಡಿಮೆ ಒಂದೇ. ಬ್ಲಾಕಿನ ಮುಂಭಾಗದಲ್ಲಿ ಕೊರೆದಿರುವ ಎರಡಕ್ಷರದ ಸಂಕೇತವನ್ನು, ಸಿಲಿಂಡರ್ ಹೆಡ್ಡಿನ ನಡುವಿನ ಎಕ್ಸಾಸ್ಟ್ ಪೋರ್ಟಿನ ಮೇಲೆ ಎರಕದಲ್ಲೇ ಮೂಡಿರುವ ಅಂಕಿಯನ್ನು ಗ್ರೀಸ್ ಒರೆಸಿ ಓದದೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದು ವ್ಯರ್ಥ.

ಕಾರ್ಬುರೇಟರಿಗೆ ಬುದ್ಧಿ ಇಲ್ಲ. ಅದಕ್ಕೆ ಗೊತ್ತಿರುವುದು ಒತ್ತಡದ ವ್ಯತ್ಯಾಸ ಮಾತ್ರ. ಕಿರಿದಾದ ಗಂಟಲಿನಲ್ಲಿ ಗಾಳಿ ವೇಗವಾಗಿ ಹೋದಾಗ ಅಲ್ಲಿ ಒತ್ತಡ ಇಳಿಯುತ್ತದೆ, ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ಟಿನ ತೂತಿನಿಂದ ಅಲ್ಲಿಗೆ ಏರುತ್ತದೆ. ಗಂಟಲು ಚಿಕ್ಕದಿದ್ದರೆ ನಿಧಾನ ವೇಗದಲ್ಲೂ ಗಾಳಿ ರಭಸವಾಗಿರುತ್ತದೆ, ಅಳತೆ ಕರಾರುವಾಕ್ಕಾಗಿರುತ್ತದೆ. ಆದರೆ ಪೂರ್ತಿ ಒತ್ತಿದಾಗ ಎಂಜಿನ್ನಿಗೆ ಉಸಿರು ಸಾಲದು. ಗಂಟಲು ದೊಡ್ಡದಿದ್ದರೆ ತದ್ವಿರುದ್ಧ. ಆ ಕಾಲದ ಎಲ್ಲ ಕಾರ್ಬುರೇಟರುಗಳೂ ಈ ಇಬ್ಬಂದಿಗೆ ಹುಡುಕಿಕೊಂಡ ಉತ್ತರಗಳೇ.

ಪಾಂಟಿಯಾಕ್‌ನ ಹಳೆಯ ಉತ್ತರಕ್ಕೆ ಟ್ರೈ-ಪವರ್ ಎಂದು ಹೆಸರು. 1957ರಿಂದಲೇ ಇದ್ದ ಪದ್ಧತಿ. ಎರಡು ಗಂಟಲಿನ ಮೂರು ರೋಚೆಸ್ಟರ್ ಕಾರ್ಬುರೇಟರುಗಳನ್ನು ಒಂದರ ಹಿಂದೊಂದು ಸಾಲಾಗಿ ಕೂರಿಸುವುದು. ದಿನನಿತ್ಯದ ಓಡಾಟಕ್ಕೆ ನಡುವಿನದೊಂದೇ ಸಾಕು. ಕಾಲು ಬಲವಾಗಿ ಒತ್ತಿದಾಗ ಹಿಂದುಮುಂದಿನ ಎರಡೂ ತೆರೆದುಕೊಳ್ಳುತ್ತವೆ. 1964ರಲ್ಲಿ ನಾಲ್ಕು ಗಂಟಲಿನ ಒಂದೇ ಕಾರ್ಟರ್ ಕಾರ್ಬುರೇಟರ್ ಇದ್ದ ಜಿಟಿಒಗೆ 325 ಅಶ್ವಶಕ್ತಿ, ಟ್ರೈ-ಪವರ್ ಇದ್ದದ್ದಕ್ಕೆ 348 ಎಂದು ಕಂಪನಿಯ ಲೆಕ್ಕ.

ಇದರ ತಕರಾರು ನಡುವಿನ ಕಾರ್ಬುರೇಟರಿನಲ್ಲಿ ವಿರಳ. ತುದಿಯ ಎರಡಕ್ಕೆ ಚೋಕ್ ಇಲ್ಲ, ಐಡ್ಲಿಂಗ್ ಹೊಂದಿಸುವ ಸ್ಕ್ರೂ ಇಲ್ಲ. ಕೆಲಸವಿಲ್ಲದಾಗ ಅವು ಬಿಗಿಯಾಗಿ ಮುಚ್ಚಿಕೊಂಡಿರಬೇಕು, ಅಷ್ಟೆ. ಥ್ರಾಟಲಿನ ದಂಡ ಸವೆದು ತಟ್ಟೆ ಪೂರ್ತಿ ಕೂರದಿದ್ದರೆ ಅಲ್ಲಿಂದ ಗಾಳಿ ನುಸುಳುತ್ತದೆ. ನಡುವಿನದರ ಸ್ಕ್ರೂ ಎಷ್ಟು ತಿರುಗಿಸಿದರೂ ಐಡ್ಲಿಂಗ್ ಇಳಿಯುವುದಿಲ್ಲ. ಮೂರರಲ್ಲಿ ಒಂದು ತಪ್ಪಿದ್ದರೆ ಬೈಗುಳ ಬೀಳುವುದು ನಿರಪರಾಧಿಗೆ! ಜೊತೆಗೆ ಫಿಟ್ಟಿಂಗಿನ ಗೋಜಲು. 1966ರ ಟ್ರೈ-ಪವರ್‌ನಲ್ಲಿ ನಡುವಿನ ಕಾರ್ಬುರೇಟರಿನ ತಳ ಹಿಂದಿನ ವರ್ಷಗಳದ್ದಕ್ಕಿಂತ ದೊಡ್ಡದು, ಹಾಗಾಗಿ 1965ರ ಮ್ಯಾನಿಫೋಲ್ಡಿನ ಮೇಲೆ ಅದು ಹಾಗೇ ಕೂರುವುದಿಲ್ಲ. 1964ರ ಹೆಡ್ಡುಗಳ ಮೇಲೆ 1965ರ ಮ್ಯಾನಿಫೋಲ್ಡೂ ಕೂರುವುದಿಲ್ಲ, ಬೋಲ್ಟಿನ ತೂತುಗಳ ಜಾಗವೇ ಬದಲಾಯಿತು. ಸಂತೆಯಲ್ಲಿ ‘ಟ್ರೈ-ಪವರ್ ಸೆಟ್, ಜಿಟಿಒಗೆ ಸರಿಹೋಗುತ್ತದೆ’ ಎಂದು ಮಾರುವವನಿಗೆ ‘ಯಾವ ವರ್ಷದ ಜಿಟಿಒ?’ ಎಂದು ಕೇಳಬೇಕಾದ್ದು ಅದಕ್ಕೇ.

ಅದೇ ಕಾಲದ ಇನ್ನೊಂದು ಪದ್ಧತಿಯ ಕಥೆ ಹೇಳಬೇಕು. ಮಿಷಿಗನ್ ರಾಜ್ಯದ ರಾಯಲ್ ಓಕ್‌ನಲ್ಲಿ ರಾಯಲ್ ಪಾಂಟಿಯಾಕ್ ಎಂಬ ಡೀಲರ್ ಇದ್ದ. ಅವನ ‘ಬಾಬ್‌ಕ್ಯಾಟ್’ ಕಿಟ್ ಜಿಟಿಒ ಹುಡುಗರಲ್ಲಿ ಹೆಸರುವಾಸಿ. ತೆಳುವಾದ ಹೆಡ್ ಗ್ಯಾಸ್ಕೆಟ್, ಬೇರೆ ಜೆಟ್ಟುಗಳು, ಇಗ್ನಿಷನ್ನಿನ ಹೊಂದಾಣಿಕೆ, ಜೊತೆಗೆ ಒಂದು ವಿಶೇಷ ಇನ್‌ಟೇಕ್ ಗ್ಯಾಸ್ಕೆಟ್. ಕಾರ್ಬುರೇಟರಿನ ಕೆಳಗೆ ಮ್ಯಾನಿಫೋಲ್ಡಿನಲ್ಲಿ ಬಿಸಿ ಎಕ್ಸಾಸ್ಟ್ ಹರಿಯುವ ಒಂದು ಸುರಂಗವಿದೆ, ಚಳಿಯಲ್ಲಿ ಪೆಟ್ರೋಲು ಬೇಗ ಆವಿಯಾಗಲಿ ಎಂದು. ಬಾಬ್‌ಕ್ಯಾಟ್ ಗ್ಯಾಸ್ಕೆಟ್ ಆ ಸುರಂಗವನ್ನು ಮುಚ್ಚುತ್ತಿತ್ತು. ತಣ್ಣಗಿನ ಮಿಶ್ರಣ ದಟ್ಟ, ದಟ್ಟವಾದದ್ದರಲ್ಲಿ ಶಕ್ತಿ ಹೆಚ್ಚು. ಕಾಲು ಮೈಲಿಯ ಪಂದ್ಯಕ್ಕೆ ಸರಿಯಾದ ಉಪಾಯವೇ.

ಇಂದಿನ ಮಾಲೀಕರೂ ಅದೇ ಸುರಂಗ ಮುಚ್ಚುತ್ತಾರೆ, ಕಾರಣ ಬೇರೆ: ಈಗಿನ ಪೆಟ್ರೋಲು ಬಿಸಿ ಕಾರ್ಬುರೇಟರಿನಲ್ಲಿ ಕುದಿಯುತ್ತದೆ. ಆದರೆ 1967ರ ನಂತರದ ಕಾರಾದರೆ ಅಲ್ಲೊಂದು ಗುಂಡಿ ಇದೆ. ಆ ಕಾರುಗಳಲ್ಲಿ ಚೋಕ್ ತಾನಾಗಿ ತೆರೆದುಕೊಳ್ಳುವಂಥದ್ದು. ನಮ್ಮ ಪದ್ಮಿನಿಯಲ್ಲಿದ್ದಂತೆ ಡ್ಯಾಶ್‌ಬೋರ್ಡಿನ ಗುಬ್ಬಿ ಎಳೆದು ಬಿಡುವ ಪದ್ಧತಿ ಅಲ್ಲಿ ಆಗಲೇ ಹೋಗಿತ್ತು. ಚೋಕ್ ತೆರೆಯುವ ಎರಡು ಲೋಹದ ಸುರುಳಿ ಕಾರ್ಬುರೇಟರಿನಲ್ಲಿಲ್ಲ; ಮ್ಯಾನಿಫೋಲ್ಡಿನ ಮೇಲೆ, ಅದೇ ಸುರಂಗದ ನೆತ್ತಿಯಲ್ಲಿ ಕೂತಿದೆ. ಸುರಂಗ ಮುಚ್ಚಿದರೆ ಸುರುಳಿಗೆ ಶಾಖವಿಲ್ಲ. ಚೋಕ್ ಅರೆತೆರೆದೇ ಉಳಿಯುತ್ತದೆ. ಹತ್ತು ಮೈಲಿ ಹೋದರೂ ಹಿಂದೆ ಕಪ್ಪು ಹೊಗೆ, ಸ್ಪಾರ್ಕ್ ಪ್ಲಗ್ಗಿಗೆ ಮಸಿ. ಮೆಕ್ಯಾನಿಕ್ ಚಿಕ್ಕ ಜೆಟ್ ಹಾಕುತ್ತಾನೆ. ಈಗ ಕಾಯಿಲೆ ಎರಡಾದವು. 1960ರ ದಶಕದ ಪಂದ್ಯದ ಉಪಾಯ, 1967ರ ಚೋಕ್, 2020ರ ಪೆಟ್ರೋಲು, ಮೂರೂ ಒಂದೊಂದಾಗಿ ಸರಿಯೇ. ಒಂದೇ ಬಾನೆಟ್ಟಿನ ಕೆಳಗೆ ಕೂಡಿಹಾಕಿದಾಗ ಜಗಳ.

1966ರ ಮಾಡೆಲ್ ಜಿಟಿಒಗಳಲ್ಲೇ ಅತಿ ಹೆಚ್ಚು ಮಾರಾಟವಾದದ್ದು, 96,946. ಟ್ರೈ-ಪವರಿಗೆ ಅದೇ ಕೊನೆಯ ವರ್ಷವೂ ಆಯಿತು. ಕಾರುಗಳ ಸುರಕ್ಷತೆ ಕುರಿತು ಅಮೆರಿಕದಲ್ಲಿ ಆಗ ದೊಡ್ಡ ಗಲಾಟೆ. ರಾಲ್ಫ್ ನೇಡರ್ ಅವರ ಪುಸ್ತಕ 1965ರಲ್ಲಿ ಬಂದಿತ್ತು, 1966ರಲ್ಲಿ ಕಾಂಗ್ರೆಸ್ ಸುರಕ್ಷತಾ ಕಾಯಿದೆ ಮಾಡಿತು. ಕಂಪನಿ ಹುಡುಗರಿಗೆ ವೇಗದ ಹುಚ್ಚು ಹಿಡಿಸುತ್ತಿದೆ ಎಂಬ ಮಾತು ತಪ್ಪಿಸಿಕೊಳ್ಳಲು ಜಿಎಂ, ಕಾರ್ವೆಟ್ಟಿನಂಥ ಒಂದೆರಡನ್ನು ಬಿಟ್ಟು, ಒಂದಕ್ಕಿಂತ ಹೆಚ್ಚು ಕಾರ್ಬುರೇಟರ್ ಯಾವುದರಲ್ಲೂ ಇರಕೂಡದೆಂದಿತು. ಜೊತೆಗೆ ಹತ್ತು ಪೌಂಡ್ ತೂಕಕ್ಕೆ ಒಂದು ಅಶ್ವಶಕ್ತಿಗಿಂತ ಹೆಚ್ಚಾಗಬಾರದೆಂಬ ನಿಯಮ.

ಈ ಎರಡನೆಯ ನಿಯಮ ಒಂದು ಚೂರು ತಗಡಿನ ರೂಪದಲ್ಲಿ ಇಂದಿಗೂ ಉಳಿದಿದೆ. 1967ರಲ್ಲಿ ಪಾಂಟಿಯಾಕ್ ಫೈರ್‌ಬರ್ಡ್ ಎಂಬ ಚಿಕ್ಕ ಕಾರನ್ನೂ ತಂದಿತು. ಜಿಟಿಒದ 400 ಘನ ಇಂಚಿನ ಎಂಜಿನ್ನನ್ನೇ ಅದರಲ್ಲೂ ಹಾಕಿದರು. ಕಾರು ಹಗುರವಾದ್ದರಿಂದ ತೂಕದ ಲೆಕ್ಕ ಮೀರುತ್ತಿತ್ತು. ಉಪಾಯವೇನೆಂದರೆ, ಕಾರ್ಬುರೇಟರಿನ ಲಿಂಕೇಜಿಗೆ ಒಂದು ಸಣ್ಣ ಲೋಹದ ತುಣುಕು ಇಟ್ಟು ಹಿಂದಿನ ಎರಡು ಗಂಟಲು ಪೂರ್ತಿ ತೆರೆಯದಂತೆ ತಡೆದರು. ಕಾಗದದ ಮೇಲೆ 325 ಅಶ್ವಶಕ್ತಿ ಎಂದು ಬರೆದರು. ಎಷ್ಟೋ ಹುಡುಗರು ಕಾರು ಮನೆಗೆ ತಂದ ಮೊದಲ ಸಂಜೆಯೇ ಇಕ್ಕಳದಿಂದ ಆ ತುಣುಕನ್ನು ಬಗ್ಗಿಸಿದ್ದಿರಬೇಕು. ಬಗ್ಗಿಸದೆ ಉಳಿದ ಕಾರ್ಬುರೇಟರುಗಳೂ ಇವೆ. ಅಂಥದ್ದೊಂದು ಯಾವುದೋ ಗುಜರಿಯಿಂದ ನಿಮ್ಮ ಜಿಟಿಒ ಮೇಲೆ ಬಂದು ಕೂತಿದ್ದರೆ, ಅದರ ಜೊತೆಗೆ ಜಿಎಂ ಆಡಳಿತ ಮಂಡಳಿಯ ತೀರ್ಮಾನವೂ ಬಂದಿರುತ್ತದೆ. ಎಂಜಿನ್ ಮೇಲಿನ ವೇಗದಲ್ಲಿ ಸೋಲುತ್ತದೆ. ಪೆಟ್ರೋಲ್ ಪಂಪು, ಫಿಲ್ಟರು, ಇಗ್ನಿಷನ್ನು ಎಲ್ಲ ನೋಡಿದರೂ ದೋಷ ಸಿಗುವುದಿಲ್ಲ, ಯಾಕೆಂದರೆ ಅದು ದೋಷವೇ ಅಲ್ಲ. ಎಂಜಿನ್ ಬಂದ್ ಮಾಡಿ, ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಮೇಲಿನಿಂದ ಟಾರ್ಚ್ ಹಾಕಿ ಹಿಂದಿನ ತಟ್ಟೆಗಳು ನೆಟ್ಟಗೆ ನಿಲ್ಲುತ್ತವೆಯೇ ನೋಡಬೇಕು. ಅಷ್ಟೇ ಪರೀಕ್ಷೆ.

ಟ್ರೈ-ಪವರಿನ ಜಾಗಕ್ಕೆ ಬಂದದ್ದು ಕ್ವಾಡ್ರಾಜೆಟ್. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿದ್ದ ಜಿಎಂ ವಿಭಾಗದ ಸೃಷ್ಟಿ; 1965ರಲ್ಲಿ ಶೆವ್ರೊಲೆಟ್ ಎಂಜಿನ್ನಿನ ಮೇಲೆ ಮೊದಲು ಕಾಣಿಸಿಕೊಂಡು 1967ರಲ್ಲಿ ಜಿಟಿಒಗೆ ಬಂತು. ಮುಂದಿನ ಎರಡು ಗಂಟಲು ಪುಟ್ಟವು, ಒಂದೂಮೂರು ಎಂಟನೇ ಇಂಚು. ಹಿಂದಿನವು ಎರಡೂಕಾಲು ಇಂಚಿನ ಬಾವಿಗಳು. ಮೆಲ್ಲಗೆ ಓಡಿಸಿದರೆ ಮುಂದಿನ ಎರಡರಲ್ಲೇ ಜಿಪುಣನಂತೆ ಪೆಟ್ರೋಲು ಕುಡಿಯುತ್ತದೆ. ಒತ್ತಿದರೆ ಹಿಂದಿನವು ಬಾಯಿ ಬಿಡುತ್ತವೆ. ಹಿಂದಿನ ಗಂಟಲುಗಳ ಮೇಲೆ ಗಾಳಿಯ ಒತ್ತಡಕ್ಕೆ ತಕ್ಕಂತೆ ತಾನೇ ತೆರೆಯುವ ಒಂದು ರೆಕ್ಕೆಯಿದೆ. ಆ ರೆಕ್ಕೆ ತೆರೆದಷ್ಟೂ ಅದಕ್ಕೆ ನೇತುಹಾಕಿದ ಎರಡು ಮೊನಚು ಕಡ್ಡಿಗಳು ಜೆಟ್ಟಿನಿಂದ ಮೇಲೇಳುತ್ತವೆ, ಅಷ್ಟಷ್ಟೇ ಪೆಟ್ರೋಲು ಹೆಚ್ಚಾಗುತ್ತದೆ. ಎಂಜಿನ್ ಎಷ್ಟು ಗಾಳಿ ಕೇಳಿತೋ ಅಷ್ಟು ಮಾತ್ರ. ನನ್ನ ಮಟ್ಟಿಗೆ ಕಂಪ್ಯೂಟರಿಗೆ ಮುಂಚಿನ ಕಾರ್ಬುರೇಟರುಗಳಲ್ಲಿ ಇದಕ್ಕಿಂತ ಸೊಗಸಾದ ಯೋಚನೆ ಇನ್ನೊಂದಿಲ್ಲ.

ಆದರೂ ಇದರಷ್ಟು ಕೆಟ್ಟ ಹೆಸರು ಹೊತ್ತದ್ದೂ ಇನ್ನೊಂದಿಲ್ಲ. ‘ಕಸದ ಜೆಟ್’ ಎಂಬರ್ಥದ ಅಡ್ಡಹೆಸರುಗಳು ಅಮೆರಿಕದ ಗ್ಯಾರೇಜುಗಳಲ್ಲಿ ಚಾಲ್ತಿಗೆ ಬಂದವು. ಲಕ್ಷಾಂತರ ಕ್ವಾಡ್ರಾಜೆಟ್‌ಗಳನ್ನು ಕಿತ್ತೆಸೆದು ಬೇರೆ ಕಂಪನಿಯ ಚೌಕಾಕಾರದ ಕಾರ್ಬುರೇಟರ್ ಹಾಕಿದರು. ಈ ಅಪಕೀರ್ತಿ ಬಹುಪಾಲು ಅನ್ಯಾಯದ್ದು.

ದೂರುಗಳನ್ನು ನೋಡಿ. ಒಂದು, ಕಾಲು ಒತ್ತಿದ ಕ್ಷಣ ಎಂಜಿನ್ ಮುಗ್ಗರಿಸುತ್ತದೆ. ಮೇಲೆ ಹೇಳಿದ ರೆಕ್ಕೆ ಪಟ್ಟನೆ ತೆರೆಯದಂತೆ ತಡೆಹಿಡಿಯುವುದು ಒಂದು ಸ್ಪ್ರಿಂಗ್ ಮತ್ತು ಒಂದು ವ್ಯಾಕ್ಯೂಮ್ ಡಯಾಫ್ರಾಮ್. ಡಯಾಫ್ರಾಮ್ ಹರಿದಿದ್ದರೆ ರೆಕ್ಕೆ ಒಮ್ಮೆಲೇ ತೆರೆದು ಗಾಳಿ ನುಗ್ಗುತ್ತದೆ, ಪೆಟ್ರೋಲು ಹಿಂದೆ ಬೀಳುತ್ತದೆ. ಸ್ಪ್ರಿಂಗಿನ ಬಿಗಿ ಮಾಡೆಲ್ಲಿಗೆ ತಕ್ಕಂತೆ ಅರ್ಧ ಸುತ್ತು, ಮುಕ್ಕಾಲು ಸುತ್ತು ಹೀಗೆ ಬೇರೆಬೇರೆ. ಯಾರೋ ಎಂದೋ ಸಡಿಲಿಸಿದ್ದರೆ ಅದೇ ಫಲ. ಎರಡು, ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಹೊತ್ತು ಹೊತ್ತು ಸೆಲ್ಫ್ ಹೊಡೆದರೂ ಹತ್ತುವುದಿಲ್ಲ. ಬಟ್ಟಲಿನ ತಳದಲ್ಲಿ ಕಾರ್ಖಾನೆಯವರು ಕೊರೆದ ದಾರಿಗಳನ್ನು ಮುಚ್ಚಿದ ಲೋಹದ ಬಿರಡೆಗಳಿವೆ. ಅವು ಸಡಿಲಾದರೆ ಪೆಟ್ರೋಲು ಹನಿಹನಿಯಾಗಿ ಮ್ಯಾನಿಫೋಲ್ಡಿಗೆ ಇಳಿದು ಬಟ್ಟಲು ಬರಿದಾಗುತ್ತದೆ. ಬಟ್ಟಲು ತುಂಬಿಸಿ ಒಣ ಕಾಗದದ ಮೇಲಿಟ್ಟರೆ ಒದ್ದೆ ಮಚ್ಚೆ ಸತ್ಯ ಹೇಳುತ್ತದೆ. ಇದು ಕಾರ್ಖಾನೆಯ ನಿಜವಾದ ಕುಂದು, ಒಪ್ಪಲೇಬೇಕು. ಪೆಟ್ರೋಲಿಗೆ ಕರಗದ ಎಪಾಕ್ಸಿ ಹಚ್ಚಿ ಸರಿಮಾಡಬಹುದಾದ ಕುಂದು. ಮೂರನೆಯದು ಫ್ಲೋಟ್. ಅದು ಪೊಳ್ಳು ಹಿತ್ತಾಳೆಯದಲ್ಲ, ಒಂದು ಬಗೆಯ ನೊರೆ ಪ್ಲಾಸ್ಟಿಕ್ಕಿನದು. ವರ್ಷಗಳು ಕಳೆದಂತೆ ಪೆಟ್ರೋಲು ಹೀರಿ ಭಾರವಾಗುತ್ತದೆ, ಸೂಜಿಯನ್ನು ಸಮಯಕ್ಕೆ ಮುಚ್ಚುವುದಿಲ್ಲ, ಪೆಟ್ರೋಲು ಉಕ್ಕುತ್ತದೆ. ಬಿಸಿ ಎಂಜಿನ್ನಿನ ಮೇಲೆ ಉಕ್ಕುವ ಪೆಟ್ರೋಲು ತಮಾಷೆಯಲ್ಲ, ಇಂಥ ಕಾರುಗಳು ಸುಟ್ಟುಹೋದದ್ದುಂಟು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಹಳೆಯ ಕಾರ್ಬುರೇಟರುಗಳನ್ನು ಸಗಟಾಗಿ ಕೊಂಡು, ಬಿಚ್ಚಿ, ರಾಸಾಯನಿಕದಲ್ಲಿ ಅದ್ದಿ, ಮರುಜೋಡಿಸಿ ಮಾರುವ ಕಾರ್ಖಾನೆಗಳಿದ್ದವು. ಮುಚ್ಚಳ ಒಂದು ಗುಡ್ಡೆ, ಬಟ್ಟಲು ಒಂದು ಗುಡ್ಡೆ, ತಳ ಒಂದು ಗುಡ್ಡೆ. ಜೋಡಿಸುವಾಗ ಬ್ಯೂಕಿನ ಮುಚ್ಚಳ, ಶೆವ್ರೊಲೆಟ್ಟಿನ ಬಟ್ಟಲು, ಪಾಂಟಿಯಾಕಿನ ತಳ. ನೋಡಲು ಒಂದೇ. ಒಳಗಿನ ಗಾಳಿಯ ತೂತು, ವ್ಯಾಕ್ಯೂಮಿನ ದಾರಿ, ಮೊನಚು ಕಡ್ಡಿಯ ಅಳತೆ ಎಲ್ಲ ಬೇರೆ. ಹೀಗೆ ಹುಟ್ಟಿದ ಕಾರ್ಬುರೇಟರಿಗೆ ಕೈಪಿಡಿಯ ಯಾವ ಅಳತೆಯೂ ಹೊಂದುವುದಿಲ್ಲ. ಜನ ಬೈದದ್ದು ರೋಚೆಸ್ಟರಿನ ಎಂಜಿನಿಯರುಗಳನ್ನು.

ಕ್ವಾಡ್ರಾಜೆಟ್ ಕಿತ್ತು ಚೌಕದ ಕಾರ್ಬುರೇಟರ್ ಹಾಕಿದವರಿಗೆ ಫಿಟ್ಟಿಂಗಿನ ಸಾಲು ಸಾಲು ಕಷ್ಟ. ಹೊಸದರ ನಾಲ್ಕು ಗಂಟಲು ಸಮ ಅಳತೆಯವು, ಕೆಳಗಿನ ಮ್ಯಾನಿಫೋಲ್ಡಿನ ಹಿಂದಿನ ಬಾಯಿ ಅದರ ತಳಕ್ಕಿಂತ ಅಗಲ. ನೇರವಾಗಿ ಕೂರಿಸಿದರೆ ಅಂಚಿನಲ್ಲಿ ಗಾಳಿ ಎಳೆಯುತ್ತದೆ. ಅಡಾಪ್ಟರ್ ತಟ್ಟೆ ಇಟ್ಟರೆ ಕಾರ್ಬುರೇಟರ್ ಮೇಲಕ್ಕೇರುತ್ತದೆ, ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತದೆ. ರ‍್ಯಾಮ್ ಏರ್ ಇರುವ ಕಾರಾದರೆ ಕಾರ್ಬುರೇಟರಿನ ಸುತ್ತಲಿನ ತಟ್ಟೆ ಬಾನೆಟ್ಟಿನ ತಳಕ್ಕೆ ನೊರೆರಬ್ಬರಿನಿಂದ ಅಂಟಿಕೊಂಡು ಹೊರಗಿನ ತಂಪು ಗಾಳಿಯನ್ನಷ್ಟೇ ಒಳಬಿಡಬೇಕು. ಎತ್ತರ ಬದಲಾದರೆ ಆ ಬಿಗಿ ಹೋಗುತ್ತದೆ. ಚೋಕಿನ ಸರಳು ಮುಟ್ಟುವುದಿಲ್ಲ, ಥ್ರಾಟಲ್ ಕೇಬಲಿನ ಬ್ರ್ಯಾಕೆಟ್ ಕೋನ ತಪ್ಪುತ್ತದೆ. ಒಂದನ್ನು ಬದಲಿಸಹೋಗಿ ಏಳನ್ನು ಬದಲಿಸಿದಂತೆ. ಬೋಲ್ಟಿನ ತೂತು ಕೂಡಿದರೆ ಪಾರ್ಟು ಹೊಂದಿತು ಎನ್ನುವುದು ಜಾತಕದಲ್ಲಿ ಎರಡು ಗುಣ ಕೂಡಿದ್ದಕ್ಕೇ ಮದುವೆ ಮಾಡಿದ ಹಾಗೆ.

ಆಮೇಲಿನದು ಹೊಗೆಯ ಕಾಯಿದೆಗಳ ಕಾಲ. 1968ರ ಮಾಡೆಲ್‌ಗಳಿಗೆ ಇಡೀ ಅಮೆರಿಕದಲ್ಲಿ ಹೊಗೆಯ ಮಿತಿ ಜಾರಿಗೆ ಬಂತು. ಮಿಶ್ರಣ ತೆಳುವಾಯಿತು, ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಸರಿಯಿತು, ಐಡ್ಲಿಂಗಿನ ಸ್ಕ್ರೂಗಳ ಮೇಲೆ ಯಾರೂ ಮನಬಂದಂತೆ ತಿರುಗಿಸದಿರಲೆಂದು ಪ್ಲಾಸ್ಟಿಕ್ ಟೋಪಿಗಳು ಬಂದವು. 1970ರಲ್ಲಿ ಜಿಎಂ ಕಾರುಗಳ ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮನ್ನು ಕೆಳಗಿನ ಗೇರುಗಳಲ್ಲಿ ತಡೆಹಿಡಿಯುವ ಒಂದು ವಿದ್ಯುತ್ ಕವಾಟ ಬಂತು. ಪ್ರತಿ ವರ್ಷವೂ ಒಂದು ಹೊಸ ಪೈಪು, ಒಂದು ಹೊಸ ಕವಾಟ. ಯಾವ ಪೈಪು ಎಲ್ಲಿಗೆ ಎಂಬುದು ವರ್ಷವರ್ಷಕ್ಕೂ ಬೇರೆ. 1971ರ ಕಾರ್ಬುರೇಟರನ್ನು 1967ರ ಎಂಜಿನ್ನಿಗೆ ಹಾಕಿದವನಿಗೆ ಉಳಿಯುವ ಎರಡು ಬಾಯಿಗಳನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಒಂದನ್ನು ತೆರೆದೇ ಬಿಡುತ್ತಾನೆ. ಮತ್ತೆ ಗಾಳಿ, ಮತ್ತೆ ನಡುಕ.

ವ್ಯಾಕ್ಯೂಮಿನ ಇನ್ನೊಂದು ಕಪಟ ಇದೆ, ಕಾಯಿದೆಗೆ ಸಂಬಂಧವಿಲ್ಲದ್ದು. 1967ರಿಂದ ಜಿಟಿಒಗೆ ಬಂದ ಮೂರು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಮ್ಯಾನಿಫೋಲ್ಡಿನಿಂದ ಒಂದು ಪೈಪು ಹೋಗುತ್ತದೆ. ಎಂಜಿನ್ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದು ಗೇರ್‌ಬಾಕ್ಸಿಗೆ ತಿಳಿಯುವುದು ಅದರಿಂದ. ಅಲ್ಲಿನ ಡಯಾಫ್ರಾಮ್ ಹರಿದರೆ ಎಂಜಿನ್ ಗೇರ್‌ಬಾಕ್ಸಿನ ಎಣ್ಣೆಯನ್ನೇ ಎಳೆದು ಸುಡುತ್ತದೆ. ಹಿಂದೆ ಬಿಳಿ ಹೊಗೆಯ ಮೋಡ. ಕಾರ್ಬುರೇಟರ್ ಕೆಟ್ಟಿದೆ, ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಎಂಬಲ್ಲಿಗೆ ಮಾತು ಹೋಗುತ್ತದೆ. ಪೈಪು ಕಿತ್ತು ಅದರ ತುದಿಯಲ್ಲಿ ಕೆಂಪು ಎಣ್ಣೆ ಇದೆಯೇ ನೋಡಿದರೆ ಸಾಕಿತ್ತು.

1971ರಲ್ಲಿ ಬಂದ ಬದಲಾವಣೆ ಎಲ್ಲಕ್ಕಿಂತ ಆಳವಾದದ್ದು. ಸೀಸವಿಲ್ಲದ ಪೆಟ್ರೋಲು ಬರಲಿದೆ ಎಂದು ತಿಳಿದ ಜಿಎಂ 91 ಆಕ್ಟೇನಿನಲ್ಲಿ ಓಡುವಂತೆ ತನ್ನೆಲ್ಲ ಎಂಜಿನ್ನುಗಳ ಕಂಪ್ರೆಷನ್ ಇಳಿಸಿತು. ಅಲ್ಲಿಯವರೆಗೆ ಹತ್ತೂವರೆಯ ಆಸುಪಾಸಿನಲ್ಲಿದ್ದದ್ದು ಎಂಟೂವರೆಯ ಕೆಳಗೆ ಬಂತು. 1972ರಲ್ಲಿ ಅಶ್ವಶಕ್ತಿ ಅಳೆಯುವ ರೀತಿಯೂ ಬದಲಾಗಿ, ಬೆಲ್ಟುಗಳು, ಎಕ್ಸಾಸ್ಟು ಎಲ್ಲ ಜೋಡಿಸಿದ ಮೇಲೆ ಉಳಿಯುವ ಶಕ್ತಿಯನ್ನಷ್ಟೇ ಹೇಳತೊಡಗಿದರು. ಇಂದು ಅಂಗಡಿಯಲ್ಲಿ ಸಿಗುವ ಅಗ್ಗದ ಪಾಂಟಿಯಾಕ್ ಹೆಡ್ಡುಗಳು ಈ ಕಾಲದವು. ಅವು 1968ರ ಬ್ಲಾಕಿನ ಮೇಲೆ ಚೆನ್ನಾಗಿ ಕೂರುತ್ತವೆ. ದಹನದ ಗುಂಡಿ ದೊಡ್ಡದಾದ್ದರಿಂದ ಕಂಪ್ರೆಷನ್ ಬೀಳುತ್ತದೆ, ಕಾರು ಮಂಕಾಗುತ್ತದೆ. ಆ ಮಂಕನ್ನು ಜೆಟ್ ಬದಲಿಸಿ ನೀಗಲು ಹೊರಟರೆ ಬರಿ ಪೆಟ್ರೋಲು ಖರ್ಚು.

ಪೆಟ್ರೋಲಿನ ವಿಷಯಕ್ಕೇ ಬರೋಣ. ಈ ಕಾರ್ಬುರೇಟರುಗಳ ಜೆಟ್ಟುಗಳನ್ನು ಕೊರೆದದ್ದು ಎಥನಾಲ್ ಇಲ್ಲದ ಪೆಟ್ರೋಲಿಗೆ. ಅಮೆರಿಕದ ಪಂಪುಗಳಲ್ಲಿ ಈಗ ಸಾಮಾನ್ಯವಾಗಿ ಹತ್ತು ಪ್ರತಿಶತ ಎಥನಾಲ್. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಕಡಿಮೆ ಗಾಳಿ ಸಾಕು. ಒಂದು ಪಾಲು ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ 14.1. ಅಂದರೆ ಹಳೆಯ ಜೆಟ್ ಅಳೆದು ಕೊಡುವ ಮಿಶ್ರಣ ತಾನಾಗಿಯೇ ಸುಮಾರು ನಾಲ್ಕು ಪ್ರತಿಶತ ತೆಳು. ಕಾಯಿದೆಯ ಕಾಲದಲ್ಲಿ ಮೊದಲೇ ತೆಳು ಮಾಡಿದ್ದ 1970ರ ಕಾರ್ಬುರೇಟರಿಗೆ ಇದು ಸಾಕಷ್ಟು ಏಟು. 1965ರದ್ದು ಅಷ್ಟು ಗೊಣಗುವುದಿಲ್ಲ. ಹಳೆಯ ರಬ್ಬರ್ ಡಯಾಫ್ರಾಮ್, ಪೈಪುಗಳಿಗೂ ಎಥನಾಲ್ ಆಗದು. ಭಾರತದಲ್ಲಿ ನಮ್ಮ ಪಂಪುಗಳಲ್ಲಿ ಈಗ ಇಪ್ಪತ್ತು ಪ್ರತಿಶತ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ದಿಗಳನ್ನು ಇನ್ನೂ ಓಡಿಸುತ್ತಿರುವವರಿಗೆ ಈ ಲೆಕ್ಕವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

1972ರಲ್ಲಿ ಜಿಟಿಒ ಮತ್ತೆ ಲಮಾನ್ಸಿನ ಒಂದು ಪ್ಯಾಕೇಜಾಯಿತು. 1974ರಲ್ಲಿ ವೆಂಚುರಾ ಎಂಬ ಚಿಕ್ಕ ಕಾರಿನ ಮೇಲೆ, 200 ಅಶ್ವಶಕ್ತಿಯ 350 ಘನ ಇಂಚಿನ ಎಂಜಿನ್ನಿನೊಂದಿಗೆ ಆ ಹೆಸರು ಅಂಟಿಸಿ, ಆ ವರ್ಷದ ನಂತರ ನಿಲ್ಲಿಸಿದರು. ಪಾಂಟಿಯಾಕ್ ವಿಭಾಗವನ್ನೇ ಮುಚ್ಚುವುದಾಗಿ ಜಿಎಂ 2009ರಲ್ಲಿ ಹೇಳಿತು.

ಈಗ ಆ ಕಾಗದದ ಬಡ್ಡಿಯ ಮಾತು. 1964, 65ರಲ್ಲಿ ಜಿಟಿಒ ಬರೀ ಪ್ಯಾಕೇಜಾಗಿದ್ದರಿಂದ ಆ ಎರಡು ವರ್ಷದ ಕಾರುಗಳ ಚಾಸಿ ನಂಬರಿನಲ್ಲಿ ಅದು ಜಿಟಿಒ ಎಂಬ ಗುರುತೇ ಇಲ್ಲ. ಸ್ವತಂತ್ರ ಮಾಡೆಲ್ ಆಗಿ 242 ಎಂದು ಆರಂಭವಾಗುವ ನಂಬರ್ ಬಂದದ್ದು 1966ರಲ್ಲಿ. ಹಾಗಾಗಿ ಸಾಧಾರಣ ಲಮಾನ್ಸಿಗೆ ಬಿಲ್ಲೆಗಳನ್ನು ಅಂಟಿಸಿ, ಟ್ರೈ-ಪವರ್ ಕೂರಿಸಿ ಜಿಟಿಒ ಎಂದು ಮಾರುವುದು ಸುಲಭ. ಕೊಂಡವನು ನಂತರ ‘ಪಾರ್ಟ್ ಹೊಂದುತ್ತಿಲ್ಲ’ ಎಂದು ಒದ್ದಾಡುವುದುಂಟು. ಹೊಂದದಿರುವುದೇ ಮೊದಲ ಸುಳಿವು. ಕಾರ್ಖಾನೆಯ ಹಳೆಯ ಬಿಲ್ಲುಗಳ ದಾಖಲೆಯನ್ನು ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆ ಇಟ್ಟುಕೊಂಡಿದೆ, ಶುಲ್ಕ ಕೊಟ್ಟರೆ ನಿಮ್ಮ ಕಾರು ಏನೇನು ಹೊತ್ತು ಹೊರಬಿತ್ತೆಂದು ತಿಳಿಸುತ್ತದೆ.

ಕಾರ್ಬುರೇಟರಂತೂ ತನ್ನ ಜನ್ಮಪತ್ರವನ್ನು ಮೈಮೇಲೇ ಹೊತ್ತಿರುತ್ತದೆ. ಕ್ವಾಡ್ರಾಜೆಟ್ಟಿನ ಎಡಬದಿಯಲ್ಲಿ ಏಳಂಕಿಯ ನಂಬರ್ ಇರುತ್ತದೆ. 7029268 ಎಂದಿದ್ದರೆ: 29 ಎಂಬುದರಿಂದ 1969ರ ಮಾಡೆಲ್, ಆರನೆಯ ಜಾಗದ 6ರಿಂದ ಪಾಂಟಿಯಾಕ್, ಕೊನೆಯ ಸಮಸಂಖ್ಯೆಯಿಂದ ಆಟೋಮ್ಯಾಟಿಕ್ ಗೇರಿನ ಕಾರಿನದು. 7029263 ಆದರೆ ಕೈಗೇರಿನದು. 1970ರದ್ದಾದರೆ 7040 ಎಂದು ಶುರುವಾಗುತ್ತದೆ. ಹತ್ತಿರದಲ್ಲೇ ನಾಲ್ಕಂಕಿಯ ಇನ್ನೊಂದು ಗುರುತು. 1239 ಎಂದರೆ 1969ನೇ ಇಸವಿಯ 123ನೇ ದಿನ, ಮೇ 3. ಆ ವರ್ಷದ ಏಪ್ರಿಲ್ಲಿನಲ್ಲಿ ಕಾರ್ಖಾನೆ ಬಿಟ್ಟ ಕಾರಿನ ಮೇಲೆ ಇಂಥದ್ದು ಕೂತಿದ್ದರೆ ಅದು ಬೇರೆ ಕಾರಿನಿಂದ ಬಂದದ್ದು. ಹಾಗೆ ಬಂದದ್ದೇನೂ ಅಪರಾಧವಲ್ಲ. ಆದರೆ ಸ್ಪ್ರಿಂಗಿನ ಬಿಗಿ, ಮೊನಚು ಕಡ್ಡಿ, ಚೋಕಿನ ಸರಳಿನ ಉದ್ದ, ಯಾವ ಬಾಯಿಗೆ ಯಾವ ಪೈಪು, ಇಷ್ಟನ್ನೂ ಆ ನಂಬರಿನ ಪುಟ ತೆಗೆದು ನೋಡಿಕೊಂಡು, ನಿಮ್ಮ ಕಾರಿನ ವರ್ಷದ ಪುಟವನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸಕ್ಕೆ ಕೈ ಹಾಕಬೇಕು.